‘ನಿಂಗಣ್ಣ ಅನ್ರಿ’ ಎನ್ನುತ್ತಿದ್ದ ಡಾಕ್ಟರ್ ಸಾಬರು

ನನ್ನ ಗಂಟಲಿನಲ್ಲಿ ಚಿತ್ತಾಪುರದ ಅರ್ಧ ಊರು ಬಾಡಿಗೆಗಿದೆ. ತಹಸೀಲ್ದಾರರ ಸೀನು, ಶಾಲೆಯ ಪಂತರು ಮೂಗಿನಿಂದ ಹೇಳಿಸುವ ಮಗ್ಗಿ, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿರೆಂದು ಕೂಗುವ ಪೋರ್ಟರನ ಕೀರಲು, ಎಲ್ಲವೂ ಇವೆ. ಯಾರು ಕೇಳಲಿ ಬಿಡಲಿ, ಮಾಡಿ ತೋರಿಸುತ್ತೇನೆ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ, ಅಣಕಿಸುವುದು ನನ್ನ ಕಸುಬು. ಎರಡರಲ್ಲೂ ಬರಕತ್ತಿಲ್ಲ ಎಂಬುದು ನಮ್ಮ ಮಾಲೀಕರ ಅಭಿಪ್ರಾಯ.

ಒಂದು ಚಳಿಗಾಲದಲ್ಲಿ ಕೋರ್ಟಿನ ಮುದಿ ವಕೀಲರೊಬ್ಬರ ಕೆಮ್ಮು ನನಗೆ ಸಿಕ್ಕಿತು. ಅಪರೂಪದ ಕೆಮ್ಮು. ಮೊದಲು ಎತ್ತಿನ ಬಂಡಿ ಏರು ಹತ್ತಿದಂತೆ ನರಳಿ, ನಡುವೆ ಹಿತ್ತಾಳೆ ತಂಬಿಗೆ ಮೆಟ್ಟಿಲುರುಳಿದಂತೆ ಖಣಖಣಿಸಿ, ಕೊನೆಗೆ ‘ಹುಜೂರ್’ ಎಂಬಲ್ಲಿ ಮುಗಿಯುತ್ತಿತ್ತು. ಸಂಜೆ ಸಂಜೆ ಕಟ್ಟೆಯ ಮೇಲೆ ಕೂತು ಅದನ್ನೇ ಮಾಡಿದೆ. ಸ್ವಲ್ಪ ದಿನಕ್ಕೆ ಜನ ನಗುವುದು ನಿಂತಿತು, ಕೆಮ್ಮು ಮಾತ್ರ ನಿಲ್ಲಲಿಲ್ಲ.

ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರ್ ಸಾಬರನ್ನು ನಾನು ಹತ್ತಿರದಿಂದ ಕಂಡದ್ದು ಅಂದೇ. ಒಣಗಿದ ಜೋಳದ ದಂಟಿಗೆ ಶೇರವಾನಿ ತೊಡಿಸಿ ಮೇಲೊಂದು ರೂಮಿ ಟೋಪಿ ಇಟ್ಟ ಹಾಗಿದ್ದರು. ಮೈಯಲ್ಲಿ ತುಂಬಿಕೊಂಡಿದ್ದುದೆಂದರೆ ಕಿವಿಗಳೆರಡೇ. ಎದೆಗೆ ನಳಿಕೆ ಹಚ್ಚಿದರೆಂದರೆ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ಓಲಿಸಿ, ಹಾಗೇ ಇದ್ದುಬಿಡುವರು. ಹೊಸಬರು ಸಾಬರಿಗೆ ನಿದ್ದೆ ಬಂತೆಂದು ಎದ್ದು ಹೋದದ್ದೂ ಉಂಟು. ನನ್ನ ಕೆಮ್ಮನ್ನು ಕಣ್ಣು ಮುಚ್ಚಿಯೇ ಎರಡು ಬಾರಿ ಕೇಳಿದರು.

“ಅರೇ ಮಿಯಾ, ಈ ಕೆಮ್ಮು ನಿಂದಲ್ಲ. ಯಾರದು?”

“ವಕೀಲ ಸಾಹೇಬರದು ರೀ.”

“ಹೌದಲ್ಲ! ಅವರಿಗೆ ನಾನೇ ದವಾ ಕೊಡ್ಲಿಕತ್ತೀನಿ. ಹೋಗು, ವಾಪಸ್ ಕೊಟ್ಟು ಬಾ.”

ಕೆಂಪು ಔಷಧದ ಸೀಸೆ ಕೊಟ್ಟು, ನನಗೆ ‘ತೋತಾ’ ಎಂದು ಹೆಸರಿಟ್ಟರು. ತೋತಾ ಎಂದರೆ ಗಿಳಿ. ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ದವಾಖಾನೆಯ ಬೆಂಚಿನ ಮೇಲೆ ಕೂರುವುದು ನನ್ನ ರೂಢಿಯಾಯಿತು. ಅವರ ದನಿಯನ್ನು ಕದಿಯುವುದು ನನ್ನ ಆಸೆ. ಎಷ್ಟು ಸಂಜೆ ಪ್ರಯತ್ನಿಸಿದರೂ ಅದು ಹಿಡಿತಕ್ಕೆ ಬರಲಿಲ್ಲ. ಟೋಪಿ ಬರುತ್ತಿತ್ತು, ಓಲುವ ತಲೆ ಬರುತ್ತಿತ್ತು, ದನಿ ಬರುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅವರದೇ ಹುಕುಂ. “ಡಾಕ್ಟರೀ ವಿದ್ಯಾದಾಗ ಹೆಸರು ಉಳೀಬೇಕಂದ್ರ ಯಾವುದರೆ ಬ್ಯಾನಿಗೆ ತನ್ನ ಹೆಸರು ಕೊಡಬೇಕು, ತೋತಾ. ಆಮ್ಯಾಲ ಜಗತ್ತಿನ ಮಂದಿ ‘ಅಯ್ಯೋ, ನನಗ ಅಂವ ಆಗ್ಯಾನ’ ಅಂತ ಅಳತಾರ. ಆ ಇಜ್ಜತ್ತು ನನಗ ಬ್ಯಾಡ” ಎನ್ನುವರು. ಆದರೂ ಏನಾದರೊಂದು ಹೊಸದನ್ನು ಕಂಡುಹಿಡಿಯಬೇಕೆಂಬ ಚಪಲ ಅವರೊಳಗೆ ಕುದಿಯುತ್ತಿತ್ತು. ಅದು ನನಗೆ ಗೊತ್ತಿತ್ತು, ಏಕೆಂದರೆ ಲೋಕದ ವೈದ್ಯರು ಏನೇನು ಕಂಡುಹಿಡಿದರೆಂಬ ಕತೆಗಳನ್ನು ಅವರು ತಮ್ಮ ಸೋದರಮಾವಂದಿರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು.

“ಫ್ರಾನ್ಸ್ ದೇಶದಾಗ ಒಬ್ಬ ಡಾಕ್ಟರ್ ಇದ್ದ, ಭಾಳ ನಾಚಿಗಿ ಮನುಷ್ಯ. ಆ ಕಾಲಕ್ಕ ಎದಿ ಕೇಳಬೇಕಂದ್ರ ಕಿವಿ ಒಯ್ದು ಎದಿಗೇ ಹಚ್ಚಬೇಕು. ಒಂದಿನ ಒಬ್ಬಾಕಿ ಬಂದ್ಲು, ವಯಸ್ಸಿನಾಕಿ, ಮೈತುಂಬಿದಾಕಿ. ಇಂವಗ ಕಿವಿ ಹಚ್ಚಲಿಕ್ಕ ಧೈರ್ಯ ಆಗಲಿಲ್ಲ. ಕಾಗದ ಸುರುಳಿ ಸುತ್ತಿ, ಒಂದು ತುದಿ ಆಕಿ ಎದಿಗೆ, ಒಂದು ತುದಿ ತನ್ನ ಕಿವಿಗೆ ಇಟ್ಟ. ನೋಡಿದ್ರ ಕಿವಿ ಹಚ್ಚಿದ್ದಕ್ಕಿಂತ ಚಲೋ ಕೇಳಸ್ತದ! ಅಂವ ನಾಚಿಗಿ ಬಿಟ್ಟಾಂವ ಇದ್ದಿದ್ರ ಈ ನಳಿಗಿ ಹುಟ್ಟತಿದ್ದಿಲ್ಲ.”

“ಹಂಗಂದ್ರ ನನ್ನ ಕೈಲಿಂದ ಏನೂ ಹುಟ್ಟೂದಿಲ್ಲ ಬಿಡ್ರಿ.”

“ಅದು ಊರಿಗೇ ಗೊತ್ತದ.”

ಇನ್ನೊಬ್ಬ ಡಾಕ್ಟರು ಸೆರೆ ಅಂಗಡಿಯವನ ಮಗನಂತೆ. ಅಪ್ಪ ಪೀಪಾಯಿಯನ್ನು ಬೆರಳಿನಿಂದ ತಟ್ಟಿ ಎಷ್ಟು ಸೆರೆ ಉಳಿದಿದೆ ಎಂದು ತಿಳಿಯುವುದನ್ನು ಕಂಡಿದ್ದವನು, ಮುಂದೆ ರೋಗಿಗಳ ಎದೆಯನ್ನೇ ತಟ್ಟಿ ಒಳಗೆ ಎಷ್ಟು ನೀರಿದೆ ಎಂದು ಹೇಳತೊಡಗಿದನಂತೆ. ಶಹಾಬಾದಿನವರು ಪರಸಿಕಲ್ಲನ್ನು ತಟ್ಟಿ ಬಿರುಕು ಹಿಡಿಯುತ್ತಾರಲ್ಲ, ಅದೇ ವಿದ್ಯೆ. ಈ ಕತೆ ಹೇಳಿದ ಮೇಲೆ ಸಾಬರಿಗೆ ಕೈ ಸುಮ್ಮನಿರುತ್ತಿರಲಿಲ್ಲ. ಕಲ್ಲಂಗಡಿ ತಟ್ಟಿದರು, ತಹಸೀಲ್ದಾರರ ಹೊಟ್ಟೆ ತಟ್ಟಿದರು. ಒಂದು ದಿನ ನಮ್ಮ ಅಂಗಡಿಗೆ ಬಂದು ಎಣ್ಣೆ ಡಬ್ಬಿ ತಟ್ಟಿ, “ಶೇಠಜೀ, ಇದಕ್ಕ ಅರ್ಧಾ ಹವಾ ತುಂಬ್ಯದ” ಎಂದರು. ಅಂದಿನಿಂದ ಮಾಲೀಕರು ಸಾಬರನ್ನು ದೂರದಲ್ಲಿ ಕಂಡರೂ ಸಾಕು, ಎದ್ದು ಡಬ್ಬಿಯ ಮೇಲೆ ಕೂರುತ್ತಿದ್ದರು.

ರಬ್ಬರಿನ ಕೈಗವಸು ಪ್ರೀತಿಯಿಂದ ಹುಟ್ಟಿತಂತೆ. ದವಾದ ನೀರಿಗೆ ನರ್ಸಮ್ಮನ ಕೈ ಸುಲಿಯಿತೆಂದು ಒಬ್ಬ ಡಾಕ್ಟರು ಅವಳಿಗಾಗಿ ಮಾಡಿಸಿದ್ದು. ಕೊನೆಗೆ ಅವಳನ್ನೇ ಮದುವೆಯಾದ. ನಮ್ಮ ಸಿಕಂದರಾಬಾದಿನಲ್ಲೇ ಒಬ್ಬ ಗೋರಾ ಡಾಕ್ಟರು ಸೊಳ್ಳೆಯ ಹೊಟ್ಟೆ ಸೀಳಿ ಚಳಿಜ್ವರದ ಗುಟ್ಟು ಹಿಡಿದನಂತೆ, ಸೊಳ್ಳೆಯಿಂದ ಕಚ್ಚಿಸಿಕೊಂಡವನಿಗೆ ಕೂಲಿಯನ್ನೂ ಕೊಟ್ಟನಂತೆ. ಇದನ್ನು ಕೇಳಿ ನನಗೆ ಭಾರಿ ಹೊಟ್ಟೆ ಉರಿಯಿತು. ನಮ್ಮ ಮನೆತನ ತಲೆತಲಾಂತರದಿಂದ ಬಿಟ್ಟಿ ಕಚ್ಚಿಸಿಕೊಂಡು ಬಂದಿದೆ.

ಆದರೆ ಸಾಬರ ನಿದ್ದೆ ಕೆಡಿಸಿದ್ದು ತೊಂಬತ್ತೊಂಬತ್ತು. ಎದೆಯೊಳಗಿನ ಸುದ್ದಿ ತಿಳಿಯಲು ನಳಿಕೆ ಹಚ್ಚಿಕೊಂಡು ರೋಗಿಯ ಬಾಯಿಂದ ಒಂದು ಮಾತು ಆಡಿಸಬೇಕು. ಆ ಮಾತು ಎದೆಯ ಗೋಡೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದರ ಮೇಲೆ ಒಳಗೆ ಗಟ್ಟಿಯಾಗಿದೆಯೋ, ನೀರು ನಿಂತಿದೆಯೋ, ಬರೀ ಗಾಳಿಯಿದೆಯೋ ಗೊತ್ತಾಗುತ್ತದೆ. ಜರ್ಮನಿಯವರು ತಮ್ಮ ಭಾಷೆಯ ತೊಂಬತ್ತೊಂಬತ್ತನ್ನು ಆರಿಸಿದರಂತೆ, ಅವರ ಬಾಯಲ್ಲಿ ಅದು ಗುಂಯ್ ಎನ್ನುತ್ತದೆಂದು. ಇಂಗ್ಲಿಷರು ಗುಂಯ್ ಬಿಟ್ಟು ಬರೀ ಸಂಖ್ಯೆಯನ್ನು ತಮ್ಮ ಭಾಷೆಗೆ ತಂದರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿದ ಸಾಬರಿಗೆ ಅದು ‘ನಿನ್ಯಾನ್ವೆ’ಯಾಗಿ ಬಂತು. ಅವರು ನಮ್ಮೂರಿಗೆ ಬಂದು ‘ತೊಂಬತ್ತೊಂಬತ್ತು’ ಮಾಡಿದರು.

“ಯಾರೋ ಗಂಟಿ ಬಾರ್ಸು ಅಂದ್ರ, ನಾವು ಗಂಟಿ ಬಿಟ್ಟು ಗಂಟಿಯ ಲೆಕ್ಕ ಹೊತ್ಕೊಂಡು ಬಂದೀವಿ ನೋಡು” ಎಂದು ಹಣೆ ಬಡಿದುಕೊಳ್ಳುವರು.

ರೋಗಿಗಳೂ ಸುಮ್ಮನಿರುತ್ತಿರಲಿಲ್ಲ. ವ್ಯಾಪಾರಿಯೊಬ್ಬ, “ಒಂದ್ಯಾಕ ಕಡಿಮಿ ಸಾಬ್? ನೂರು ಮಾಡಿ ಮುಗಸ್ರಲ್ಲ” ಎಂದ. ಒಬ್ಬ ಮುದುಕಿ, “ನನಗ ಇಪ್ಪತ್ತರ ತನಕಾ ಬರ್ತದಪಾ, ಅಷ್ಟರಾಗೇ ನೋಡಿಬಿಡು” ಎಂದಳು.

ಹೊಸ ಶಬ್ದದ ಹುಡುಕಾಟಕ್ಕೆ ನನ್ನ ಎದೆಯೇ ಮೈದಾನವಾಯಿತು. ಅಂಗಿ ಬಿಚ್ಚಿ ಕೂತು ನಾನು ಹೇಳುವುದು, ಸಾಬರು ತಲೆ ಓಲಿಸಿ ಕೇಳುವುದು. ಮಂಗಳವಾರ ಅಂದೆ. ಶೇಂಗಾ ಅಂದೆ. ಬದನಿಕಾಯಿ, ಗುಂಡುಕಲ್ಲು, ಗಂಗಾಳ ಅಂದೆ. ಸಾಬರು ಒಂದೊಂದಕ್ಕೂ ತುಟಿ ಸೊಟ್ಟ ಮಾಡಿದರು. ಚಳಿ ತಡೆಯದೆ ನಾನು ರಸ್ತೆಯಾಚೆಯ ಚಹಾದ ಅಂಗಡಿಯವನನ್ನು ಕೂಗಿದೆ: “ನಿಂಗಣ್ಣಾ, ಚಾ ತಗೊಂಬಾರೋ!”

ಸಾಬರು ಕೂತಲ್ಲಿಂದ ಜಿಗಿದರು. “ಏನಂದಿ? ಇನ್ನೊಮ್ಮೆ ಅನ್ನು!”

“ಚಾ ತಗೊಂಬಾ.”

“ಅದಲ್ಲೋ! ಮುಂಚಿಂದು!”

“ನಿಂಗಣ್ಣ.”

“ಮತ್ತೊಮ್ಮೆ!”

ಅಂದು ನಿಂಗಣ್ಣ ಎಷ್ಟು ಬಾರಿ ಓಡಿ ಬಂದನೋ, ಎಷ್ಟು ಕಪ್ಪು ಚಹಾ ಬಂತೋ ದೇವರಿಗೇ ಗೊತ್ತು. ಸಾಬರ ಮುಖದಲ್ಲಿ ಈದಿನ ಚಂದ್ರ ಕಂಡಿತ್ತು. ನಿಂಗಣ್ಣ ಎಂದರೆ ಎದೆ ಗುಡಿಯ ಗಂಟೆಯಂತೆ ಗುಂಯ್ ಎನ್ನುತ್ತದಂತೆ. ಸಾಲದ್ದಕ್ಕೆ ಎಣಿಸಲು ಬಾರದವರೂ ಹೇಳಬಹುದಾದ ಶಬ್ದ. ಮರುದಿನದಿಂದ ದವಾಖಾನೆಯಲ್ಲಿ ಎಲ್ಲರೂ ನಿಂಗಣ್ಣ. ಖಾಜಿ ಸಾಹೇಬರು ಮಾತ್ರ, “ಹೇಳ್ತೀನಿ ಖರೆ, ಆದ್ರ ಈ ನಿಂಗಣ್ಣ ಯಾರು, ಅಂವಗೂ ನನಗೂ ಏನು ಸಂಬಂಧ, ಮೊದಲ ಹೇಳ್ರಿ” ಎಂದು ವಾದಕ್ಕೆ ನಿಂತರು. ಸುತ್ತಿನ ಹಳ್ಳಿಗಳಲ್ಲಿ ಮಕ್ಕಳಿಗೆ ಕೆಮ್ಮು ಬಂದರೆ ತಾಯಂದಿರು ನಿಂಗಣ್ಣ ಅನ್ನಿಸತೊಡಗಿದರು. ಯಾರೋ ಬೆಳಗಿನ ಜಾವ ದವಾಖಾನೆಯ ಹೊಸ್ತಿಲಲ್ಲಿ ತೆಂಗಿನಕಾಯಿ ಇಟ್ಟು ಹೋದರು. ಸಾಬರು ಅದನ್ನು ಒಡೆದು ನನಗರ್ಧ ಕೊಟ್ಟರು. “ಫ್ರಾನ್ಸಿನಾಂವಗ ಇದು ಸಿಕ್ಕಿತ್ತೇನು?”

ಇಷ್ಟೆಲ್ಲ ನಗುವಾಗ ನಮ್ಮ ಮನೆಗೆ ಅಳುವ ಸುದ್ದಿ ಬಂತು.

ನಮ್ಮ ಅಕ್ಕನನ್ನು ತೆಂಗಳಿಯ ಗೌಡರ ಮನೆಗೆ ಕೊಟ್ಟಿತ್ತು. ಮಳೆಗಾಲದಲ್ಲಿ ಹತ್ತಿದ ಅವಳ ಕೆಮ್ಮು ಸಂಕ್ರಾಂತಿಯಾದರೂ ಬಿಟ್ಟಿರಲಿಲ್ಲ. ಅತ್ತೆ ಗೌಡ್ತಿ ಅದಕ್ಕೆ ಕ್ಷಯವೆಂದು ತಾನೇ ಹೆಸರಿಟ್ಟಳು. ಹೆಸರಿಟ್ಟು ಸುಮ್ಮನಾಗಲಿಲ್ಲ. ಚಿಂಚೋಳಿ ಕಡೆಯ ಒಂದು ಹೆಣ್ಣನ್ನು ಮಗನಿಗೆ ಎರಡನೆಯದಾಗಿ ತರುವ ಮಾತು ನಡೆದಿತ್ತು, ಅಕ್ಕನಿಗೆ ತಿಳಿಯದಂತೆ. ಡಾಕ್ಟರು ಬಂದು ಕ್ಷಯವೆಂದರೆ ಅಕ್ಕ ಸೇಡಂನ ತವರಿಗೆ ವಾಪಸು. ಆ ಬಂಡಿ ಮತ್ತೆ ತಿರುಗಿ ಹೋಗುವುದಿಲ್ಲ. ನಾನು ಸಾಬರ ಮುಂದೆ ನಿಂತೆ. ಯಾರನ್ನೂ ಅಣಕಿಸಲು ಆಗಲಿಲ್ಲ. ಅವರು ನನ್ನ ಮುಖ ನೋಡಿ ಪೆಟ್ಟಿಗೆ ಎತ್ತಿಕೊಂಡರು.

ಗೌಡರು ದೊಡ್ಡ ಜಾಗೀರದಾರರನ್ನು ಕಂಡು ಮನೆಯಲ್ಲಿ ಗೋಷಾ ಕಲಿತವರು. ಪಡಸಾಲೆಗೂ ಒಳಮನೆಗೂ ನಡುವೆ ದಪ್ಪ ಪರದೆ. ಆಚೆ ಹೆಂಗಸರು. ಈಚೆ ಸಾಬರು, ನಾನು, ಗೌಡರು. ಕಂಬಕ್ಕೆ ಒರಗಿ ನಮ್ಮ ಭಾವ. ಭಾವನನ್ನು ಗೌಡರು ‘ನಮ್ಮ ಸಣ್ಣ ಗೌಡ’ ಎಂದು ತೋರಿಸಿದರು. ಮಾತು ಕಡಿಮೆ, ಅಪ್ಪನ ಮುಂದಂತೂ ಇಲ್ಲವೇ ಇಲ್ಲ.

ನಳಿಕೆ ಪರದೆಯಾಚೆ ಮುಟ್ಟುವಷ್ಟು ಉದ್ದವಿರಲಿಲ್ಲ. ಸಾಬರು ಪೆಟ್ಟಿಗೆಯಿಂದ ಎನಿಮಾ ಡಬ್ಬಿಯ ರಬ್ಬರಿನ ಕೊಳವೆ ತೆಗೆದು ಜೋಡಿಸಿದರು. “ಫ್ರಾನ್ಸಿನಾಂವನ ನಾಚಿಗಿ ಒಂದು ಗೇಣು. ನಿಮ್ಮನಿದು ನಾಕು ಮೊಳ ಅದ” ಎಂದು ನನ್ನ ಕಿವಿಯಲ್ಲಿ ಹೇಳಿ, ತುದಿಯನ್ನು ಪರದೆಯಡಿ ಒಳಗೆ ಬಿಟ್ಟರು. ಒಳಗೆ ಗುಸುಗುಸು. ಆಮೇಲೆ ಗೌಡ್ತಿಯ ದನಿ: “ಹಚ್ಚೀವ್ರಿ, ನೋಡ್ರಿ.”

ಸಾಬರು ಕಣ್ಣು ಮುಚ್ಚಿ ತಲೆ ಓಲಿಸಿದರು. ತಟ್ಟನೆ ಕಣ್ಣು ತೆರೆದರು. “ಗೌಡ್ರೇ, ಈ ಎದಿ ಸೊಸಿದಲ್ಲ. ಇದಕ್ಕ ಅರವತ್ತರ ಹತ್ತಿರ ಆಗ್ಯದ. ಇದಕ್ಕ ದಮ್ಮು ಅದ.”

“ನನಗ್ಯಾತರ ದಮ್ಮು!” ಪರದೆ ಸಿಡಿಯಿತು. “ಪರೀಕ್ಷಾ ಮಾಡ್ಲಿಕ್ಕ ಇಟಗೊಂಡಿದ್ದೆ. ನನಗ ದಮ್ಮಿಲ್ಲ!” ಅಷ್ಟು ಹೇಳುವುದರೊಳಗೆ ಆಕೆಗೆ ಏದುಸಿರು ಬಂದು ದಮ್ಮು ಹತ್ತಿತ್ತು. ಕೊಳವೆ ಬೇಗ ಸೊಸೆಯ ಕಡೆ ಹೋಯಿತು.

ಸಾಬರು ಎಂದಿನಂತೆ ಮೆತ್ತಗೆ ಹೇಳಿದರು: “ತಾಯಿ, ನಿಂಗಣ್ಣ ಅನ್ರಿ.”

ಪರದೆಯಡಿ ಕೊಳವೆ ಅಲುಗಾಡಿತಷ್ಟೇ.

“ಜೋರಾಗಿ, ತಾಯಿ. ನಿಂಗಣ್ಣ.”

ಗೌಡರು ಎದ್ದು ನಿಂತರು. ಭಾವ ಕಂಬದ ಹಿಂದೆ ಸರಿದ. ಭಾವನ ಹೆಸರು ನಿಂಗಣ್ಣ! ದಾರಿಯುದ್ದಕ್ಕೂ ಊರವರನ್ನೆಲ್ಲ ಅಣಕಿಸಿ ಸಾಬರನ್ನು ನಗಿಸಿದ ನಾನು ಇದೊಂದನ್ನು ಹೇಳಲು ಮರೆತಿದ್ದೆ.

“ಡಾಕ್ಟರ್ ಸಾಬ್!” ಗೌಡರು ಗುಡುಗಿದರು. “ನಮ್ಮ ಮನಿ ಸೊಸಿ ಬಾಯಿಲೆ ಗಂಡನ ಹೆಸರು ಹೇಳಸ್ತೀರಾ? ನನ್ನ ಮುಂದ?”

ಸಾಬರು ನಳಿಕೆ ಕಿವಿಯಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದರು. “ತೋತಾ, ಮೊದಲ ಹೇಳಬಾರದೇನೋ?”

“ತೊಂಬತ್ತೊಂಬತ್ತು ಅನಸ್ರಿ” ಎಂದು ಪಿಸುಗುಟ್ಟಿದೆ.

“ನಾಕು ಮೊಳದ ಕೊಳವಿಯಾಗ ಅದು ಕೇಳೂದಿಲ್ಲ. ಕೇಳದೇ ಸುಳ್ಳು ಹೇಳಲಿಕ್ಕ ನನ್ನ ಕೈಲಿ ಆಗೂದಿಲ್ಲ.”

ಗೌಡ್ತಿ ಒಳಗಿನಿಂದ, “ಸಾಕು ನಡೀರಿ. ಕ್ಷಯ ಅಂತ ನಮಗ ಮೊದಲೇ ಗೊತ್ತದ” ಎಂದಳು.

ಆಗ ನನ್ನ ಬಾಯಿ ನನ್ನನ್ನು ಕೇಳದೆ ಕೆಲಸ ಮಾಡಿತು. ನಮ್ಮ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಮನೆಗಳಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವುದು ಅವಳ ಹಕ್ಕು. ಸುಮ್ಮನೆ ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಇಟ್ಟು ಹೇಳಬೇಕು. ಆಯಿಯ ಹಲ್ಲಿಲ್ಲದ ದನಿ ನನ್ನ ಗಂಟಲಿನಿಂದ ಪಡಸಾಲೆಗೆ ಇಳಿಯಿತು:

“ಎಲ್ಲಿಗಿ ಹೊಂಟೀಯವ್ವಾ ನನ್ನ ಬಂಗಾರಿ? ಹೆಸರು ಹೇಳು, ಹೊಸ್ತಲಾ ದಾಟು!”

ಒಳಗೆ ನೆರೆದಿದ್ದ ಹೆಂಗಸರಲ್ಲಿ ಯಾರೋ ರೂಢಿಯ ಮೇಲೆ, “ಹೇಳವ್ವಾ, ಹೇಳು!” ಎಂದರು. ಬಳೆಗಳು ಸದ್ದು ಮಾಡಿದವು. ಒಡಪು ಕೇಳಿದಾಗ ಬೇಡವೆಂದರೆ ಅಪಶಕುನ. ಗೌಡ್ತಿಗೂ ಬಾಯಿ ಬಿಡಲಾಗಲಿಲ್ಲ. ಅಕ್ಕನ ದನಿ ಬಂತು, ಮೊದಲು ನಡುಗುತ್ತ:

“ಹಿತ್ತಲಾಗ ಹಬ್ಬೀತು ಹೀರಿಬಳ್ಳಿ ಸಣ್ಣ,
ಹತ್ತು ಮಂದ್ಯಾಗ ಹೆಸರ ಹೇಳ್ತೀನಿ, ನನ್ನ ರಾಯ ನಿಂಗಣ್ಣ.”

ಸಾಬರ ತಲೆ ಓಲಿತು. “ವಾಹ್. ಇನ್ನು ಬೆನ್ನಿಗೆ ಹಚ್ರಿ, ಎಡಕ್ಕ.”

ಜಾಗ ಬದಲಾದರೆ ಮತ್ತೆ ಹೆಸರು ಬೇಕು. ಮತ್ತೆ ಹೆಸರು ಬೇಕೆಂದರೆ ಹೊಸ ಒಡಪು. ನನ್ನ ಗಂಟಲಿನ ಆಯಿ ಮತ್ತೆ ತಡೆದಳು. ಅಕ್ಕ ಈಗ ನಡುಗಲಿಲ್ಲ:

“ಶಹಾಬಾದಿ ಪರಸಿ ಮ್ಯಾಲ ಹಾಸೀನಿ ಚಾದರ ಬಣ್ಣ,
ಕೆಮ್ಮಿ ಕೆಮ್ಮಿ ಬೆಳಗಾದ್ರೂ ಕಣ್ಣ ತೆರೀಲಿಲ್ಲ ನಿಂಗಣ್ಣ.”

ಹೆಂಗಸರ ನಗು. ಕಂಬದ ಹಿಂದೆ ಭಾವ ಇನ್ನಷ್ಟು ಸಣ್ಣವನಾದ. “ಬಲಕ್ಕ” ಎಂದರು ಸಾಬರು.

“ಅತ್ತೆವ್ವ ಕೊಟ್ಟ ಕಷಾಯ ಕುಡದು ಕಪ್ಪಿಟ್ಟತು ಬಣ್ಣ,
ಒಂದಿನಾ ಒಲ್ಲೆ ಅಂದಿಲ್ಲ, ಸಾಕ್ಷಿ ನಮ್ಮ ನಿಂಗಣ್ಣ.”

ಈ ಬಾರಿ ಗೌಡರೂ ಮೀಸೆಯೊಳಗೆ ಏನೋ ಮಾಡಿಕೊಂಡರು. ಸಾಬರು ಕೊಳವೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಆಯಿ ತಡೆಯಲಿಲ್ಲ, ಯಾರೂ ಕೇಳಲಿಲ್ಲ. ಅಕ್ಕನೇ ಹೇಳಿದಳು:

“ಚಿಂಚೋಳಿ ಕಡಿಂದ ಬರ್ತಾಳಂತ ಹೊಸಾ ಹೆಣ್ಣ,
ಹಳೀದು ಇನ್ನಾ ಉಸರಾಡ್ಲಿಕತ್ತದ, ಕೇಳಸ್ತದೇನ್ರಿ ನಿಂಗಣ್ಣ?”

ನಗು ನಿಂತಿತು. ಬಳೆಗಳೂ ನಿಂತವು. ಸಾಬರು ಕಣ್ಣು ತೆರೆಯುವ ಮೊದಲೇ ಕಂಬದ ಹಿಂದಿನಿಂದ ಭಾವ ಹೊರಗೆ ಬಂದ. ಅಪ್ಪನ ಮುಂದೆ ಅವನು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅಪ್ಪಾ, ಚಿಂಚೋಳಿಯವರಿಗೆ ಬರೂದು ಬ್ಯಾಡಂತ ಹೇಳಿ ಕಳಸ್ರಿ.”

“ಡಾಕ್ಟರ್ ಇನ್ನಾ ಏನೂ ಹೇಳಿಲ್ಲಲೋ!”

“ಅವರು ಏನರೆ ಹೇಳ್ಲಿ.”

ಸಾಬರು ನಳಿಕೆ ಕಿವಿಯಿಂದ ತೆಗೆದು ನಿಧಾನವಾಗಿ ಸುತ್ತಿದರು. “ಕ್ಷಯದ ಒಂದು ಗುರುತೂ ಕೇಳಿಲ್ಲ. ಎದಿ ಸಾಫ್ ಅದ. ಹಳೀ ನೆಗಡಿ, ಅದರ ಮ್ಯಾಲ ದಿನಾ ಒಲೀ ಹೊಗಿ. ಬ್ಯಾಸಗಿ ಮುಗಿಯೂತನಕ ಆಕಿ ಒಲೀ ಹತ್ತಿರ ಹೋಗಬಾರದು.”

“ಮತ್ತ ಅಡಗಿ ಯಾರು ಮಾಡಬೇಕ್ರಿ?” ಎಂದಳು ಗೌಡ್ತಿ.

“ಈಗ ಹೇಳಿದ್ರಲ್ಲ ತಾಯಿ, ನಿಮಗ ದಮ್ಮಿಲ್ಲಂತ.”

ಬಂಡಿಯಲ್ಲಿ ಬರುವಾಗ ನಾನು ಕೇಳಿದೆ: “ನಾಕೂ ಒಡಪು ಕೇಳಬೇಕಾಗಿತ್ತೇನ್ರಿ?”

“ಮೂರಕ್ಕೇ ಗೊತ್ತಾಗಿತ್ತು, ತೋತಾ. ಆದ್ರ ನಾಕನೇದಕ್ಕ ಆಕಿ ಉಸರು ಎಳಕೊಂಡಿದ್ಲು. ಕಿವ್ಯಾಗ ಕೇಳಿಸ್ತು. ಬ್ಯಾಡ ಅನ್ನಲಿಕ್ಕ ಆಗಲಿಲ್ಲ.” ಸ್ವಲ್ಪ ದೂರ ಹೋದ ಮೇಲೆ ನಗುತ್ತ, “ಜರ್ಮನಿಯವರಿಗೆ ಒಂದು ಸಂಖ್ಯಾ. ನಮಗ ನೋಡು, ಬ್ಯಾನಿ ಜತಿಗೆ ಸಂಸಾರಾನೂ ಕೇಳಸ್ತದ” ಎಂದರು.

ಇದೆಲ್ಲ ಆಗಿ ವರ್ಷಗಳಾದವು. ಆ ಬೇಸಿಗೆಯಲ್ಲೇ ಅಕ್ಕನ ಕೆಮ್ಮು ಹೋಯಿತು. ಈಗ ಅವಳ ಮಗಳು ನನ್ನನ್ನೇ ಅಣಕಿಸುತ್ತಾಳೆ. ಸಾಬರ ಕಿವಿಗಳು ಮಾತ್ರ ಮೆಲ್ಲಮೆಲ್ಲಗೆ ಮಂದವಾದವು. ನಾವೆಲ್ಲ ಗಮನಿಸುವ ಮೊದಲೇ ಅವರೇ ಹೇಳಿದರು: “ಈಗೀಗ ನಿಂಗಣ್ಣ ದೂರ ನಿಂತು ಮಾತಾಡ್ಲಿಕತ್ತಾನ, ತೋತಾ. ಇನ್ನ ಎದಿ ಕೇಳೂದು ಧೋಖಾ ಆಗ್ತದ.” ವಜೀಫಾಕ್ಕೆ, ಅಂದರೆ ಪಿಂಚಣಿಗೆ, ಬರೆದು ಕೊಟ್ಟು, ಕಳೆದ ವಾರ ಹೈದರಾಬಾದಿನ ಪ್ಯಾಸೆಂಜರ್ ಗಾಡಿ ಹತ್ತಿದರು.

ಸ್ಟೇಶನ್ನಿಗೆ ಚಿತ್ತಾಪುರವೆಲ್ಲ ಬಂದಿತ್ತು, ಅಂದರೆ ಕೆಮ್ಮಿದವರೆಲ್ಲ ಬಂದಿದ್ದರು. ನಮ್ಮ ಮಾಲೀಕರೂ ಡಬ್ಬಿ ಬಿಟ್ಟು ಬಂದಿದ್ದರು. ಚಹಾದ ನಿಂಗಣ್ಣ ಕಿಟಲಿ ಹಿಡಿದು ನಿಂತಿದ್ದ. ತೆಂಗಳಿಯಿಂದ ಪರದೆ ಕಟ್ಟಿದ ಬಂಡಿ ಬಂತು. ಭಾವ ಬುತ್ತಿಯ ಗಂಟು ಹೊತ್ತಿದ್ದ, ಗೌಡ್ತಿ ಮೊಮ್ಮಗಳನ್ನು ಎತ್ತಿಕೊಂಡಿದ್ದಳು, ಅಕ್ಕ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಎಲ್ಲರ ಹಿಂದೆ. ಸಾಬರು ಕಿಟಕಿಯಿಂದ ಅವಳನ್ನು ಗುರುತಿಸಿದರು. ಏನೋ ಕೇಳಿದರು. ಎಂಜಿನ್ನಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅವರು ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ಓಲಿಸಿದರು.

ಅಕ್ಕ ಮುಂದೆ ಬಂದಳು. ಒಡಪಿಲ್ಲ, ಹೀರಿಬಳ್ಳಿಯಿಲ್ಲ. ಎದೆ ತುಂಬ ಉಸಿರೆಳೆದು, ಸ್ಟೇಶನ್ನಿನ ತಗಡು ನಡುಗುವಂತೆ ಕೂಗಿದಳು:

“ನಿಂಗಣ್ಣಾ!”

“ಆಂ?” ಎಂದ ಭಾವ.

“ಬಂದ್ನಿ ಸಾಬ್!” ಎಂದ ಚಹಾದವನು.

ಸಾಬರು ಕಣ್ಣು ತೆರೆದರು. ಗಾಡಿ ಆಗಲೇ ಜರುಗುತ್ತಿತ್ತು. ಅವರ ತುಟಿ ಆಡಿದ್ದು ಕಂಡಿತು, ಮಾತು ಉಗಿಯಲ್ಲಿ ಹೋಯಿತು. ಅಕ್ಕ ನನ್ನ ಕಡೆ ತಿರುಗಿದಳು. “ಏನಂದ್ರೋ ತಮ್ಮಾ?”

ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಸಿಗದಿದ್ದ ಸಾಬರ ದನಿ, ಕರೆಯದೆಯೇ ಬಂದು ಕೂತಿತು: “ಎದಿ ಸಾಫ್ ಅದ, ತಾಯಿ.”

ಗೌಡ್ತಿ ದೂರ ಹೋಗುತ್ತಿದ್ದ ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮೊಮ್ಮಗಳನ್ನು ಕೆಳಗಿಳಿಸಿ, ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ಹೇಳಿದಳು:

“ತಮ್ಮಾ, ಆಗಾಗ ತೆಂಗಳಿಗೆ ಬಂದು ಹಿಂಗ ಮಾತಾಡಿ ಹೋಗು. ನನಗ ದಮ್ಮು ಅದ.”